ಮೊಗಲಾಯಿಯಲ್ಲಿ ಹಾಲೊಲ್ಲದವಳು

ಗುಂತಕಲ್ಲಿನಿಂದ ಆಚೆ

ನಮ್ಮ ಧಾರವಾಡದ ಹಿರಿಯರಿಗೆ ತುಂಗಭದ್ರೆ ದಾಟಿದರೆ ಮೊಗಲಾಯಿ, ಅಂದರೆ ನಿಜಾಮನ ಸೀಮೆ. ಮೊಗಲಾಯಿ ಎಂದರೆ ಪರದೇಶ. ಅಲ್ಲಿಯೂ ಕನ್ನಡವನ್ನೇ ಆಡುತ್ತಾರೆ, ಜೋಳದ ರೊಟ್ಟಿಯನ್ನೇ ಬಡಿಯುತ್ತಾರೆ ಎಂದು ಎಷ್ಟು ಹೇಳಿದರೂ ನನ್ನ ಸೋದರತ್ತೆ ನಂಬಲಿಲ್ಲ. ಆಕೆಯದೂ ತಪ್ಪಲ್ಲ. ಸಂಸ್ಥಾನ ಭಾರತದೊಳಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಅವರ ನಾಣ್ಯ ಇನ್ನೂ ಬೇರೆ, ಕಚೇರಿಯ ಭಾಷೆ ಉರ್ದು, ರೈಲಿನಲ್ಲಿ ಬಂದವರ ಗಂಟು ಬಿಚ್ಚಿಸಿ ನೋಡುವ ಸುಂಕದವರು ಇನ್ನೂ ಇದ್ದರು.

ನಾನು ಹೊರಟದ್ದು ಸುರಪುರಕ್ಕೆ. ಧಾರವಾಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವವಳು ನಾನು. ಹಾಲು ಬಿಟ್ಟು ಬದುಕುವುದರ ಬಗ್ಗೆ ಒಂದು ವಾರಪತ್ರಿಕೆಗೆ ಬರೆದಿದ್ದೆ. ಅದನ್ನು ಓದಿದ ಶರಣಮ್ಮ ಎಂಬ ಗೌಡರ ಮನೆಯ ಸೊಸೆ ಸುರಪುರದಿಂದ ಕರೆ ಕಳಿಸಿದ್ದಳು. ಅತ್ತೆಮನೆಯ ಪಡಸಾಲೆಯಲ್ಲಿ ಆಕೆ ಹೆಂಗಸರಿಗಾಗಿ ಒಂದು ವಾಚನಾಲಯ ನಡೆಸುತ್ತಿದ್ದಳು. ಬಂದು ನಾಲ್ಕು ಮಾತು ಹೇಳಬೇಕೆಂಬುದು ಆಕೆಯ ಆಸೆ.

ಮಾಂಸವನ್ನು ನಾನು ಹುಟ್ಟಿನಿಂದ ಕಂಡವಳಲ್ಲ, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ನಾನಾಗಿ ಬಿಟ್ಟದ್ದು ಹಾಲು, ಮೊಸರು, ತುಪ್ಪ, ಜೇನು. ಆಮೇಲೆ ರೇಷ್ಮೆ, ಉಣ್ಣೆ, ತೊಗಲು. ಬಿಟ್ಟು ಕೆಲವು ಕಾಲವಾದ ಮೇಲೆ, ನಮ್ಮ ಶಾಲೆಯಲ್ಲಿದ್ದ ಇಂಗ್ಲಿಷ್ ಬಾಯಿಯೊಬ್ಬರು ಸ್ವದೇಶಕ್ಕೆ ಮರಳುವಾಗ ಒಂದು ತೆಳ್ಳನೆಯ ಪುಸ್ತಕ ಕೊಟ್ಟುಹೋದರು. ಆ ದೇಶದಲ್ಲಿಯೂ ಕೆಲವರು ಹೀಗೆಯೇ ಬಿಟ್ಟು, ತಮ್ಮನ್ನು ‘ವೀಗನ್’ ಎಂದು ಕರೆದುಕೊಳ್ಳುತ್ತಾರಂತೆ. ಓದಿ ಸಂತೋಷವಾಯಿತು, ಆದರೆ ಆ ಶಬ್ದ ನನ್ನ ಬಾಯಿಗೆ ಹತ್ತಲಿಲ್ಲ. ‘ಹಾಲೊಲ್ಲದವಳು’ ಎಂದು ನಮ್ಮ ಓಣಿಯವರು ಹಾಸ್ಯಕ್ಕಿಟ್ಟ ಹೆಸರೇ ನನಗೆ ಸಾಕಾಯಿತು.

ಗಡಿಯಲ್ಲಿ ಸುಂಕದವನು ನನ್ನ ಟ್ರಂಕು ತೆಗೆಸಿದ. ಮೇಲೆ ಪುಸ್ತಕಗಳು, ಕೆಳಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದು ಚೀಲ ಕುಸುಬಿ ಕಾಳು.

“ಇದೇನ್ರಿ, ಮದ್ದಾ?”

“ಅಗಸಿ ಹಿಂಡಿ. ರೊಟ್ಟಿ ಜೋಡಿ ತಿನ್ನೂದು.”

ಆತ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಟ್ರಂಕು ಮುಚ್ಚುತ್ತ, “ಛಲೋ ಐತಿ. ಒಂದೀಟು ತುಪ್ಪ ಇರಬೇಕಿತ್ತು” ಎಂದ.

ಪರದೇಶ ನನ್ನೊಡನೆ ಆಡಿದ ಮೊದಲ ಮಾತೇ ತುಪ್ಪದ್ದು.

ಯಾದಗಿರಿ

ರೈಲಿನಿಂದ ಇಳಿಯುವಾಗ ನನ್ನ ಚಪ್ಪಲಿಯ ಪಟ್ಟಿ ಕಿತ್ತಿತು. ನನ್ನವು ಮೋಟಾರಿನ ಹಳೆಯ ಟೈರು ಕತ್ತರಿಸಿ ಮಾಡಿಸಿದವು. ಧಾರವಾಡದಲ್ಲಿ ಅವನ್ನು ನೋಡಿ ನಗುತ್ತಾರೆ, ಯಾದಗಿರಿಯಲ್ಲಿ ಕೂಡಿ ನಿಂತು ನೋಡಿದರು. ಸ್ಟೇಷನ್ನಿನ ಹೊರಗೆ ಮರದ ನೆರಳಲ್ಲಿ ಕುಳಿತ ಚಪ್ಪಲಿ ಹೊಲಿಯುವವನು ಒಂದು ಒಳ್ಳೆಯ ತೊಗಲಿನ ಪಟ್ಟಿ ತೆಗೆದ. ತೊಗಲು ಬೇಡ ಎಂದೆ. ಆತ ನನ್ನ ಮುಖ ನೋಡಿದ. “ತೊಗಲು ಬ್ಯಾಡಾದಾಕಿ ನನ್ನ ಹತ್ರ ಯಾಕ ಬಂದಿ, ಅವ್ವಾ?” ಎಂದು ಕೇಳಿದ. ನ್ಯಾಯದ ಪ್ರಶ್ನೆ. ಕೊನೆಗೆ ಪುಂಡಿ ನಾರಿನ ಹುರಿಯಿಂದ ಬಿಗಿದು ಕೊಟ್ಟ. ಗುಡ್ಡದ ಮೇಲಿನ ಕೋಟೆಯ ಬಂಡೆಗಳ ಝಳ ಊರ ಮೇಲೆಲ್ಲ ಇಳಿಯುತ್ತಿತ್ತು. ನಮ್ಮಲ್ಲಿ ಬಿಸಿಲಿಗೂ ಒಂದು ಮರ್ಯಾದೆಯಿದೆ, ಮಧ್ಯಾಹ್ನ ಬಂದು ಸಂಜೆ ಹೋಗುತ್ತದೆ. ಇಲ್ಲಿಯದು ಮನೆಯ ಮಗನ ಹಾಗೆ, ಹೋಗುವ ಮಾತೇ ಇಲ್ಲ.

ನನ್ನನ್ನು ಕರೆದೊಯ್ಯಲು ಬರಬೇಕಿದ್ದ ಶರಣಮ್ಮ ಇನ್ನೂ ಬಂದಿರಲಿಲ್ಲ. ಚಹದ ಅಂಗಡಿಯ ಬಾಂಕಿನ ಮೇಲೆ ಕುಳಿತು ಹಾಲಿಲ್ಲದ ಚಹ ಕೇಳಿದೆ. ಅಂಗಡಿಯ ಮುದುಕ ಬಿಳಿ ಗಡ್ಡದ ಸಾಹೇಬ.

“ಹಾಲು ತಾಜಾ ಐತ್ರಿ ಬಾಯಿ. ಈಗ ಬಂದೈತಿ.”

“ತಾಜಾ ಇದ್ರೂ ಬ್ಯಾಡ್ರಿ.”

“ಮನ್ನತ್ ಏನಾರ ಐತೇನ್ರಿ?” ಮನ್ನತ್ ಎಂದರೆ ಹರಕೆ.

“ಹರಕಿ ಇಲ್ಲ.”

“ಬ್ಯಾನಿ?”

“ಬ್ಯಾನಿನೂ ಇಲ್ಲ. ಎಮ್ಮಿ ತನ್ನ ಕರುವಿಗೆ ಅಂತ ಇಳಿಸಿದ ಹಾಲು. ನನಗ ಕೊಟ್ಟದ್ದಲ್ಲ.”

ಮುದುಕ ಕರಿ ಚಹಕ್ಕೆ ಎಲ್ಲರಿಗಿಂತ ಹೆಚ್ಚು ಸಕ್ಕರೆ ಸುರಿದು ಕೊಟ್ಟ. ಧಾರವಾಡದಲ್ಲಿ ಇದೇ ಮಾತಿಗೆ ವಾದ ಹೂಡುತ್ತಾರೆ, ಶ್ಲೋಕ ಹೇಳುತ್ತಾರೆ. ಇಲ್ಲಿ ಕನಿಕರಪಟ್ಟರು. ಎರಡರಲ್ಲಿ ಕನಿಕರವೇ ಹೆಚ್ಚು ಕಷ್ಟ, ಅದಕ್ಕೆ ಉತ್ತರ ಕೊಡಲು ಬರುವುದಿಲ್ಲ.

ಅಷ್ಟರಲ್ಲಿ ಶರಣಮ್ಮ ಬಂದಳು. ಚಿಕ್ಕ ವಯಸ್ಸು, ಚುರುಕು ನಡಿಗೆ, ತಲೆಯ ಮೇಲೆ ಸೆರಗು. “ಅಕ್ಕೋರ, ನಾ ನಿಮ್ಮನ್ನ ಮುದುಕಿ ಇರತೀರಿ ಅನಕೊಂಡಿದ್ದೆ” ಎಂದಳು. ಹಾಲು ಬಿಡುವುದು ಮುದುಕಿಯರ ಕೆಲಸವೆಂದು ಆಕೆಯೂ ತಿಳಿದಿದ್ದಳು.

ಶಹಾಪುರ

ಶಹಾಪುರ ಶರಣಮ್ಮನ ತವರು. ಅಲ್ಲಿ ಒಂದು ದಿನ ತಂಗಿ ಸುರಪುರಕ್ಕೆ ಹೋಗುವುದೆಂದಾಯಿತು. ಬಸ್ಸು ಗುಡ್ಡದ ಬುಡಕ್ಕೆ ಮುಟ್ಟುವಷ್ಟರಲ್ಲಿ ನನ್ನ ಬಿಳಿ ಸೀರೆ ಕೆಂಪಾಗಿತ್ತು.

ಆಕೆಯ ತಾಯಿ ನೀಲಮ್ಮನವರು ನನಗಾಗಿ ಹೋಳಿಗೆ ಮಾಡಿದ್ದರು. ಎಲೆಯ ಮುಂದೆ ಕುಳಿತೆ. ಅವರು ತುಪ್ಪದ ಗಿಂಡಿ ಹಿಡಿದು ಬಂದರು. ನಾನು ಎಲೆಯ ಮೇಲೆ ಅಂಗೈ ಅಡ್ಡ ಹಿಡಿದೆ.

“ತುಪ್ಪ ಬ್ಯಾಡ್ರಿ, ಅವ್ವಾರ.”

“ಹೋಳಿಗಿಗೆ ತುಪ್ಪ ಬ್ಯಾಡಂದ್ರ ಹ್ಯಾಂಗ್ರಿ? ಒಂದ ಚಮಚ.”

“ಒಂದ ಹನಿನೂ ಬ್ಯಾಡ್ರಿ.”

“ಮನಿ ಆಕಳದು. ನಾನ ಕಾಸೀನಿ.” ಅವರ ದನಿ ಸಣ್ಣದಾಯಿತು. “ನಮ್ಮಲ್ಲಿ ತುಪ್ಪ ಬ್ಯಾಡ ಅಂದ್ರ ಮನಿ ಬ್ಯಾಡ ಅಂದಂಗ.”

ಗಿಂಡಿ ನನ್ನ ಕೈಯ ಮೇಲೆ ಬಾಗಿಯೇ ಇತ್ತು. ನಾನು ಕೈ ತೆಗೆಯಲಿಲ್ಲ. “ಮನಿ ಬೇಕು. ಹೋಳಿಗಿನೂ ಇನ್ನೊಂದು ಬೇಕು. ತುಪ್ಪ ಒಂದ ಬ್ಯಾಡ” ಎಂದೆ. ನೀಲಮ್ಮನವರು ಗಿಂಡಿ ಒಳಗಿಟ್ಟು ಬಂದು ಇನ್ನೊಂದು ಹೋಳಿಗೆ ಹಾಕಿದರು, ಆದರೆ ಊಟ ಮುಗಿಯುವ ತನಕ ಮಾತಾಡಲಿಲ್ಲ. ಇಂಥ ಊಟಗಳಿಗೆ ನಾನು ಒಗ್ಗಿದವಳು ಎಂದುಕೊಂಡಿದ್ದೆ. ಒಗ್ಗುವುದು ಯಾವಾಗಲೂ ಅರ್ಧವೇ.

ಮಧ್ಯಾಹ್ನ ಶರಣಮ್ಮ ನನ್ನನ್ನು ಹಿತ್ತಿಲಿಗೆ ಕರೆದೊಯ್ದಳು.

“ಅಕ್ಕೋರ, ಒಂದ ಮಾತು. ನಮ್ಮ ಮಾವನೋರು ಪಡಸಾಲಿ ಕೊಟ್ಟದ್ದ ದೊಡ್ಡದು. ಹೆಣ್ಮಕ್ಕಳಿಗೆ ಓದು ಯಾಕ ಅನ್ನೂ ಮಂದಿ ಊರ ತುಂಬ ಅದಾರ. ಅವರ ಮುಂದ ನೀವು ಇದೊಂದು ವ್ರತ ಅಂತ ಹೇಳಿಬಿಡ್ರಿ. ಎಲ್ಲಾರೂ ಕೈ ಮುಗೀತಾರ.”

“ವ್ರತ ಅಲ್ಲಲ್ಲ, ಶರಣಮ್ಮ.”

“ನನಗ ಗೊತ್ತೈತ್ರಿ. ಆದ್ರೂ.”

“ನೀ ನನ್ನ ಲೇಖನ ಓದಿ ಕರಸೀದಿ. ವ್ರತದಾಕಿ ಬೇಕಾಗಿದ್ರ ನಿಮ್ಮ ಊರಾಗ ಬೇಕಾದಷ್ಟು ಸಿಗತಿದ್ರು.”

ಆಕೆ ಬಾವಿಯ ಕಟ್ಟೆಯ ಮೇಲೆ ಕುಳಿತಳು. ಸುರಪುರದ ಹೆಣ್ಣುಮಕ್ಕಳು ಶಾಲೆ ಕಂಡಿದ್ದರೆ ಅದು ಉರ್ದುವಿನಲ್ಲಿ. ಕನ್ನಡದ ಅಕ್ಷರ ಕಲಿಯುತ್ತಿದ್ದದ್ದು ಈಗ, ಆಕೆಯ ಪಡಸಾಲೆಯಲ್ಲಿ. ಅದನ್ನು ಕಳೆದುಕೊಳ್ಳುವ ಭಯ ಸಣ್ಣದಲ್ಲ ಎಂಬುದು ನನಗೆ ತಿಳಿಯುತ್ತಿತ್ತು. ತಿಳಿದೂ ನಾನು ಮಾತು ಕೊಡಲಿಲ್ಲ.

ಸುರಪುರ

ಶರಣಮ್ಮನ ಮಾವ ಸಾಹೇಬಗೌಡರು ಎತ್ತರದ ಆಳು. ಉರ್ದು ಪತ್ರಿಕೆ ಓದುತ್ತಿದ್ದರು, ಕನ್ನಡದಲ್ಲಿ ಗದರುತ್ತಿದ್ದರು. ನನ್ನನ್ನು ಗೌರವದಿಂದಲೇ ಬರಮಾಡಿಕೊಂಡರು. “ನೀವು ಏನಾರ ಹೇಳ್ರಿ ಅಂಬಾಬಾಯಿಯವರ, ಮಂದಿ ಮನಸ್ಸಿಗೆ ನೋವಾಗಬಾರದು ನೋಡ್ರಿ” ಎಂದರು.

ಸಂಜೆಯ ಮುಂಚೆ ಪಡಸಾಲೆ ತುಂಬಿತು. ಗೌಡರ ಓಣಿಯ ಸೊಸೆಯರು, ಬಳೆಗಾರರ ಹೆಂಗಸರು, ಹೊಲದಿಂದ ನೇರವಾಗಿ ಬಂದವರು. ನಾನು ಮಾತು ಶುರುಮಾಡುವ ಮೊದಲೇ ದೇವಾಪುರದಿಂದ ಬಂದ ಕುರುಬರ ಹೆಂಗಸೊಬ್ಬಳು ಎದ್ದು ಮುಂದೆ ಬಂದಳು. ಹೆಸರು ಮಾಳವ್ವ. ನಡುವಯಸ್ಸು ದಾಟಿದವಳು, ಕೈ ಬಹಳ ಬಿರುಸು. ಬಟ್ಟೆ ಮುಚ್ಚಿದ ಹಿತ್ತಾಳೆಯ ಡಬರಿಯನ್ನು ನನ್ನ ಮುಂದಿಟ್ಟಳು.

“ಆಕಳು ಈದೈತ್ರಿ ಅಕ್ಕೋರ. ಮೊದಲನೇ ಹಾಲಿನ ಗಿಣ್ಣ, ಬೆಲ್ಲ ಹಾಕೀನಿ. ಮನ್ಯಾನ ಹುಡುಗರಿಗೂ ಕೊಟ್ಟಿಲ್ಲ, ನಿಮ್ಮ ಸಲುವಾಗಿ ತಂದೀನಿ.”

ಈದ ಆಕಳಿನ ಗಿಣ್ಣ ಹಂಚುವುದು ನಮ್ಮ ಕಡೆಯೂ ದೊಡ್ಡ ಪ್ರೀತಿ. ಎಲ್ಲ ಹೆಂಗಸರೂ ನನ್ನನ್ನೇ ನೋಡುತ್ತಿದ್ದರು. ಶರಣಮ್ಮ ಕಂಬ ಹಿಡಿದು ನಿಂತಿದ್ದಳು.

“ಮಾಳವ್ವ, ನೀ ಪ್ರೀತಿಲೆ ತಂದೀದಿ. ಆದ್ರ ನಾ ತಿನ್ನೂದಿಲ್ಲ. ಇದು ಕರುವಿಂದು.”

ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ಬಾಗಿಲಲ್ಲಿ ನಿಂತಿದ್ದ ಸಾಹೇಬಗೌಡರು ಒಂದು ಹೆಜ್ಜೆ ಒಳಗಿಟ್ಟರು.

“ವ್ರತ ಐತಿ ಅಂತ ಹೇಳ್ರಿ, ಅಂಬಾಬಾಯಿಯವರ. ಅಲ್ಲಿಗೆ ಮುಗೀತು.”

“ವ್ರತ ಇಲ್ಲ್ರಿ, ಗೌಡ್ರ.”

“ಇರದಿದ್ರೂ ಹೇಳ್ರಿ.”

ಅವರು ದರ್ಪದಿಂದ ಹೇಳಲಿಲ್ಲ. ನನ್ನನ್ನು ಪಾರುಮಾಡುವ ಹಾಗೆ ಹೇಳಿದರು. ಅದಕ್ಕೇ ನನಗೆ ಸಿಟ್ಟು ಬಂತು. ಬರೆದುಕೊಂಡು ಹೋಗಿದ್ದ ಭಾಷಣ ಅಲ್ಲಿಯೇ ಉಳಿಯಿತು.

“ನಾ ಸಣ್ಣಾಕಿ ಇದ್ದಾಗ ನನ್ನ ಗಂಡ ಸತ್ತ” ಎಂದೆ. “ಅವನ ಮಾರಿ ನನಗ ನೆನಪಿಲ್ಲ. ನನ್ನ ತಲಿ ಬೋಳಿಸಿದ್ರು, ವ್ರತ ಅಂದ್ರು. ಒಪ್ಪತ್ತು ಊಟ ಹಾಕಿದ್ರು, ವ್ರತ ಅಂದ್ರು. ಬಳಿ, ಹೂವು, ಹಬ್ಬದ ಅಡಿಗಿ, ಎಲ್ಲಾ ಕಸಗೊಂಡು ವ್ರತ ಅಂದ್ರು. ಒಬ್ಬರೂ ನನ್ನ ಕೇಳಲಿಲ್ಲ. ಮನಿ ಬಿಟ್ಟು ಓದಿದೆ, ಕೂದಲಾ ಬೆಳಸಿದೆ, ನೌಕರಿ ಹಿಡಿದೆ. ನಾನಾಗಿ, ನನ್ನ ಬುದ್ಧಿಲೆ, ಬ್ಯಾಡ ಅಂದದ್ದು ಈ ಹಾಲೊಂದು. ಇದಕ್ಕೂ ವ್ರತ ಅಂತ ಹೆಸರಿಟ್ರ ಇದೂ ಅವರ ಪಾಲಾಗ್ತದ.”

ಯಾಕೆ ಬಿಟ್ಟೆ ಎಂಬುದನ್ನೂ ಹೇಳಿದೆ. ನಮ್ಮ ಓಣಿಯ ಗೌಳಿಗರ ಕೊಟ್ಟಿಗೆಯಲ್ಲಿ ಒಂದು ಎಮ್ಮೆಗರು ಸತ್ತಿತ್ತು. ಅದರ ತೊಗಲಿಗೆ ಹುಲ್ಲು ತುಂಬಿ, ಕೋಲಿನ ಕಾಲು ಕೊಟ್ಟು, ತಾಯಿಯ ಮುಂದೆ ನಿಲ್ಲಿಸಿದ್ದರು. ತಾಯಿ ಅದನ್ನು ನೆಕ್ಕಿ ನೆಕ್ಕಿ ಹಾಲು ಇಳಿಸಿತು. ಅವತ್ತು ನಮ್ಮ ಮನೆಗೆ ಬಂದದ್ದು ಆ ಹಾಲು.

“ನಮ್ಮಲ್ಲೂ ಹಂಗ ಮಾಡ್ತಾರ” ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಅಂದರು.

ಗೌಡರ ಮುಖ ಕೆಂಪಾಯಿತು. “ನನ್ನ ಪಡಸಾಲ್ಯಾಗ ಕುಂತು ಹಾಲಿಗೆ ಹೆಸರಿಡೂದು ಬ್ಯಾಡ. ಶರಣಮ್ಮಾ, ಎಲ್ಲಾರ್ನೂ ಕಳಿಸು. ನಾಳಿಂದ ಇದಕ್ಕ ಕೀಲಿ.”

ಹೆಂಗಸರು ಎದ್ದರು. ಮಾಳವ್ವ ಮಾತ್ರ ಡಬರಿಯ ಪಕ್ಕದಲ್ಲಿ ಕುಳಿತೇ ಇದ್ದಳು.

“ತಡೀರಿ ಗೌಡ್ರ. ಬ್ಯಾಡ ಅನಿಸಿಕೊಂಡಾಕಿ ನಾನು. ಜಗಳ ನಂದು, ಆಕೀದು. ನಡುವ ನೀವ್ಯಾಕ ಕೀಲಿ ಹಾಕ್ತೀರಿ?”

ಗೌಡರು ಒಳಗೆ ಹೋದರು. ಮಾಳವ್ವ ಡಬರಿ ಎತ್ತಿ ಸೊಂಟಕ್ಕಿಟ್ಟುಕೊಂಡು ನನ್ನ ಕಡೆ ತಿರುಗಿದಳು. “ನಾಳಿ ದೇವಾಪುರಕ್ಕ ಬಾ. ಇದನ್ನ ಹಿಂಗ ಬಿಡೂದಿಲ್ಲ ನಾನು” ಎಂದಳು.

ಮರುದಿನ ಬೆಳಿಗ್ಗೆ ಊಟಕ್ಕೆ ಕುಳಿತಾಗ ಗೌಡರ ಮನೆಯಾಕೆ ಮರೆತು ನನ್ನ ರೊಟ್ಟಿಯ ಮೇಲೆ ಬೆಣ್ಣೆ ಇಡಲು ಬಂದರು. ಪಕ್ಕದಲ್ಲಿ ಉಣ್ಣುತ್ತಿದ್ದ ಗೌಡರು ತಲೆ ಎತ್ತದೆ, “ಅವರಿಗೆ ಬ್ಯಾಡ. ಎಣ್ಣಿ ಹಾಕು” ಎಂದರು. ಪಡಸಾಲೆಯ ಬಾಗಿಲಿಗೆ ಮಾತ್ರ ದೊಡ್ಡ ಕೀಲಿ ಬಿದ್ದಿತ್ತು.

ದೇವಾಪುರ

ಶರಣಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ದಾರಿ ಕೇಳಿಕೊಂಡು ನಾನೊಬ್ಬಳೇ ಹೊರಟೆ. ಮಾಳವ್ವನ ಕುರಿಗಳು ಮೇಯಲು ಹೋಗಿದ್ದವು. ದೊಡ್ಡಿಯಲ್ಲಿ ಎಳೆಯ ಮರಿಗಳು ಮಾತ್ರ ಒದರುತ್ತಿದ್ದವು. ಮಾಳವ್ವ ಕಂಬಳಿ ಹಾಸಿ, ಕೂಡು ಎಂದಳು. ನಾನು ಅದರ ಪಕ್ಕದ ನೆಲದ ಮೇಲೆ ಕುಳಿತೆ.

“ಕಂಬಳಿನೂ ಬ್ಯಾಡೇನು?” ಆಕೆಗೆ ಈಗ ಕುತೂಹಲ. “ಉಣ್ಣಿ ಕತ್ತರಿಸಿದ್ರ ಕುರಿ ಸಾಯೂದಿಲ್ಲ. ಕೂದಲಲ್ಲೇನು?”

“ನಂದೂ ಕೂದಲಾ ಇತ್ತು, ಮಾಳವ್ವ.”

“ಅದು ಬ್ಯಾರೆ” ಎಂದಳು ಆಕೆ.

“ಯಾಕ ಬ್ಯಾರೆ?”

“ಕುರಿಗಿ ನಾಚಿಕಿ ಇರೂದಿಲ್ಲ.”

ನನಗೆ ನಗು ಬಂತು. ಆಕೆಯೂ ನಕ್ಕಳು. ಆಮೇಲೆ ಜಗಳ ಹಗುರವಾಯಿತು, ಆದರೆ ನಿಲ್ಲಲಿಲ್ಲ.

“ಮಳಿ ಕೈಕೊಟ್ರ ಹೊಲ ನನ್ನ ಸಾಕೂದಿಲ್ಲ. ಕುರಿ ಸಾಕ್ತಾವು. ನಿನಗ ತಿಂಗಳಾ ಪಗಾರ ಬರತೈತಿ. ಬ್ಯಾಡ ಅನ್ನಾಕ ನಿನಗೇನು?”

“ಖರೆ. ನಂದು ಸಸಾರ, ನಿಂದು ಸಸಾರ ಅಲ್ಲ.”

“ಕುರಿ ಬಿಡು ಅಂತೀಯೇನು?”

“ಅಂತೀನಿ. ಇವತ್ತೇ ಬಿಡು ಅನ್ನೂದಿಲ್ಲ. ಆದ್ರ ಕೇಳಿದ್ರ ಸುಳ್ಳು ಹೇಳೂದಿಲ್ಲ.”

“ನಾ ಬಿಡೂದಿಲ್ಲ.”

“ಗೊತ್ತದ.”

“ಮತ್ಯಾಕ ಹೇಳ್ತಿ?”

“ನೀ ಕರದೀದಿ, ಅದಕ್ಕ.”

ಮಾಳವ್ವ ಎದ್ದು ಒಲೆ ಹೊತ್ತಿಸಿದಳು. ನಾನು ತಂದಿದ್ದ ಕುಸುಬಿಯನ್ನು ಗೌಡರ ಮನೆಯಲ್ಲಿ ರಾತ್ರಿಯೇ ನೆನೆಹಾಕಿದ್ದೆ. ಆಕೆಯ ಒರಳಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿದೆ. ಬೆಳ್ಳಗೆ, ದಪ್ಪಗೆ ಕುಸುಬಿ ಹಾಲು ಇಳಿಯಿತು. “ನಮ್ಮವ್ವನೂ ಮಾಡತಿದ್ಲು” ಎಂದಳು ಮಾಳವ್ವ, ಸ್ವಲ್ಪ ನಿರಾಸೆಯಿಂದ. ನಾನೇನೋ ಧಾರವಾಡದ ಹೊಸ ವಿದ್ಯೆ ತೋರಿಸುತ್ತೇನೆಂದು ಆಕೆ ಕಾದಿದ್ದಳು. ಗೋದಿ ನುಚ್ಚು, ಬೆಲ್ಲ ಹಾಕಿ ಹುಗ್ಗಿ ಮಾಡಿದೆ. ಆಕೆ ತಾಟಿನಲ್ಲಿ ಹಾಕಿಕೊಂಡು ತಿಂದಳು.

“ಛಲೋ ಆಗೈತಿ. ಆಕಳ ಹಾಲಿಗೆ ಸರಿ ಬರೂದಿಲ್ಲ.”

“ಸರಿ ಬರಬೇಕಂತ ಯಾರಂದ್ರು? ಇದು ಕುಸುಬಿ.”

ಆಕೆ ಇನ್ನೊಮ್ಮೆ ಹಾಕಿಕೊಂಡಳು.

ನಾವು ಉಣ್ಣುತ್ತಿರುವಾಗ ಶರಣಮ್ಮ ಬಂದಳು. ತಲೆಯ ಮೇಲೆ ಸೀರೆಯಲ್ಲಿ ಕಟ್ಟಿದ ದೊಡ್ಡ ಗಂಟು. ಇಳಿಸಿದಾಗ ಧೊಪ್ಪೆಂದಿತು. ಬಿಚ್ಚಿದಳು, ಎಲ್ಲವೂ ಪುಸ್ತಕಗಳೇ.

“ಪಡಸಾಲಿ ಮಾವನೋರದು, ಕೀಲಿ ಹಾಕ್ಯಾರ. ಪುಸ್ತಕ ನನ್ನವು, ತವರಿಂದ ತಂದೀನಿ. ಹಿತ್ತಲ ಕಿಡಕಿ ತಗದು ತಗೊಂಡ ಬಂದೆ.”

ನಾನು ನೀರು ಕೊಟ್ಟೆ.

“ನಾ ಒಂದ ಮಾತು ಅಂದಿದ್ರ ನಿನ್ನ ಪಡಸಾಲಿ ಉಳೀತಿತ್ತು, ಶರಣಮ್ಮ” ಎಂದೆ. ನಿನ್ನೆಯಿಂದ ಅದು ನನ್ನನ್ನು ಕೊರೆಯುತ್ತಿತ್ತು.

“ಉಳೀತಿತ್ತ್ರಿ. ನಾನೂ ನೀವು ಅಂತೀರೇನೋ ಅಂತ ಕಾಯ್ಕೋತ ನಿಂತಿದ್ದೆ.” ನೀರು ಕುಡಿದು ಬಾಯಿ ಒರೆಸಿಕೊಂಡಳು. “ರಾತ್ರಿ ಪೂರಾ ವಿಚಾರ ಮಾಡಿದೆ. ಮಾವನೋರು ಹೇಳಿದ್ದ ಹೇಳೂ ಪಡಸಾಲಿ ಉಳದು ಏನ ಮಾಡೂದದ?”

ಮಾಳವ್ವ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಆಕೆಗೆ ಓದು ಬಾರದು. ದೊಡ್ಡಿಯ ಪಕ್ಕದ ಛಪ್ಪರದ ಕಡೆ ಕೈ ಮಾಡಿ, “ಅಲ್ಲಿ ಉಣ್ಣಿ ಇಡತೀವಿ. ಸರಿಸಿದ್ರ ಹತ್ತಿಪ್ಪತ್ತು ಮಂದಿ ಕೂಡತಾರ” ಎಂದಳು. ಆಮೇಲೆ ನನಗೆ, “ನಿನ್ನ ಮಾತಿಗೆ ಒಪ್ಪಿ ಕೊಡಾಕತ್ತಿಲ್ಲ ಮತ್ತ. ಈಕಿ ಸಲುವಾಗಿ” ಎಂದು ಸ್ಪಷ್ಟಪಡಿಸಿದಳು.

ಮೂವರೂ ಕೂಡಿ ಉಣ್ಣೆಯ ಮೂಟೆಗಳನ್ನು ಸರಿಸಿದೆವು. ನಾನೂ ಎತ್ತಿದೆ. ಮಾಳವ್ವ ನೋಡಿದಳು.

ಮತ್ತೆ ಸುರಪುರ

ಮರುದಿನ ಬಸ್ಸು ನಿಲ್ಲುವಲ್ಲಿಗೆ ಸಾಹೇಬಗೌಡರೇ ಬಂದರು. ಮನೆಗೆ ಬಂದವರನ್ನು ಒಂಟಿಯಾಗಿ ಕಳಿಸುವ ಪದ್ಧತಿ ಅವರಲ್ಲಿಲ್ಲ. ಜೊತೆಗೆ ಶರಣಮ್ಮ. ಕಿಟಕಿಯಿಂದ ಪುಸ್ತಕ ಹೋದದ್ದು ಅಷ್ಟರಲ್ಲಿ ಅವರಿಗೆ ಗೊತ್ತಾಗಿತ್ತು. ಊರಿಗೇ ಗೊತ್ತಾಗಿತ್ತು. ನನ್ನ ಟ್ರಂಕನ್ನು ತಾವೇ ನಿಂತು ಬಸ್ಸಿನ ಮೇಲೆ ಕಟ್ಟಿಸಿದರು. ಆಮೇಲೆ ನಾನು ಕುಳಿತಿದ್ದ ಕಿಟಕಿಯ ಹತ್ತಿರ ಬಂದರು.

“ಒಂದ ಮಾತು, ಅಂಬಾಬಾಯಿಯವರ. ವ್ರತ ಅಂದಿದ್ರ ಎಲ್ಲಾರೂ ಸಂತೋಷದಾಗ ಇರತಿದ್ವಿ.”

“ನನ್ನೊಬ್ಬಾಕಿನ್ನ ಬಿಟ್ಟು, ಗೌಡ್ರ.”

ಅವರು ನನ್ನ ಮುಖವನ್ನೇ ನೋಡಿದರು. ಡ್ರೈವರ್ ಇಂಜಿನ್ನಿನ ಹಿಡಿಕೆ ತಿರುಗಿಸಿದ. ಬಸ್ಸು ನಡುಗಿತು.

ಶರಣಮ್ಮ ಆಗ ಬಾಯಿ ಬಿಟ್ಟಳು. “ಮಾವನೋರ, ನಾ ದೇವಾಪುರಕ್ಕ ಹೋಗಿ ಸಂಜಿಕ ಬರತೀನ್ರಿ.” ಹೋಗಲೇನ್ರಿ ಎಂದು ಕೇಳಲಿಲ್ಲ. ಬರತೀನಿ ಎಂದಳು.

ಗೌಡರು ಆಕೆಯ ಕಡೆ ತಿರುಗಿದರು. ಅವರು ಏನಾದರೂ ಅಂದರೋ ಇಲ್ಲವೋ ಬಸ್ಸಿನ ಸಪ್ಪಳದಲ್ಲಿ ನನಗೆ ಕೇಳಿಸಲಿಲ್ಲ. ಬಸ್ಸು ಹೊರಟಿತು. ಧೂಳಿನ ನಡುವೆ ಹಿಂತಿರುಗಿ ನೋಡಿದೆ. ಗೌಡರು ನಿಂತಲ್ಲಿಯೇ ನಿಂತಿದ್ದರು. ಶರಣಮ್ಮ ಆಗಲೇ ದೇವಾಪುರದ ದಾರಿ ಹಿಡಿದಿದ್ದಳು. ತಲೆಯ ಮೇಲಿನ ಸೆರಗು ಹೆಗಲಿಗೆ ಜಾರಿತ್ತು. ಅದನ್ನು ಸರಿಮಾಡಿಕೊಳ್ಳಲು ಆಕೆ ನಿಲ್ಲಲಿಲ್ಲ.